ಕಿರೀಟ ಬಂದ ಕೋಳಿಮರಿ

ಮಕ್ಕಳೇ, ಕಾಡಿನ ಅಂಚಿನಲ್ಲಿ ಒಂದು ಬಿದಿರು ಮೆಳೆ. ಅದರ ಬುಡದಲ್ಲಿ ದೇವರು ಕೊಟ್ಟ ಕಾಳು ಹುಳು ತಿಂದುಕೊಂಡು ಕಾಡುಕೋಳಿಗಳು ಬಾಳುತ್ತಿದ್ದವು. ಪಕ್ಕದಲ್ಲಿ ಯಾರೋ ಎಸೆದುಹೋದ ಬಾಯಿ ಒಡೆದ ಮಡಕೆ, ಅದರ ತುಂಬ ಹಳೆಯ ಮಳೆನೀರು. ಆ ನೀರಿನಲ್ಲಿ ಗುಂಗಮ್ಮ ಎಂಬ ಸೊಳ್ಳೆಯ ಸಂಸಾರ.

ಚೆಲುವಿ ಎಂಬ ಹೇಂಟೆಗೆ ಮುತ್ತು ಎಂಬ ಮರಿ. ಎಲ್ಲ ತಾಯಂದಿರಿಗೂ ತಮ್ಮ ಮಕ್ಕಳು ಚೆಂದವೇ. ಚೆಲುವಿಗೆ ಅದು ಸ್ವಲ್ಪ ಅತಿಯಾಗಿತ್ತು.

ಒಂದು ಬೆಳಗ್ಗೆ ಮುತ್ತುವಿನ ತಲೆಯ ಮೇಲೆ ಗುಳ್ಳೆಗಳೆದ್ದವು. ಕೆಲವು ದಿನಕ್ಕೆ ಅವು ಒಣಗಿ, ಕಂದು ಹಕ್ಕಳೆಗಟ್ಟಿ, ಸಾಲಾಗಿ ನಿಂತವು.

"ಇದೇನೇ ಗುಂಗಮ್ಮಾ?" ಎಂದಳು ಚೆಲುವಿ.

"ಅಷ್ಟೂ ತಿಳಿಯಲಿಲ್ಲವೇ? ಕಿರೀಟ ಕಣೇ! ಹುಂಜಗಳಿಗೆ ತಿಂಗಳುಗಟ್ಟಲೆ ಕಾದರೆ ಬರುವ ಜುಟ್ಟು, ನಿನ್ನ ಮಗನಿಗೆ ರೆಕ್ಕೆ ಬಲಿಯುವ ಮೊದಲೇ ಬಂದಿದೆ. ರಾಜಯೋಗ!" ಎಂದ ಗುಂಗಮ್ಮ, ಮುತ್ತುವಿನ ತಲೆಯ ಮೇಲೆ ಕೂತು ಒಂದು ಗುಟುಕು ರಕ್ತ ಕುಡಿದಳು.

"ಕಚ್ಚುತ್ತಿದ್ದಾಳೆ ಅವ್ವಾ!"

"ಸುಮ್ಮನಿರೋ, ದೃಷ್ಟಿ ತೆಗೀತಿದ್ದಾರೆ."

ಮರುದಿನವೇ ಪಟ್ಟಾಭಿಷೇಕ. ದಪ್ಪನೆಯ ಅಣಬೆಯೊಂದು ಸಿಂಹಾಸನ. ಉಳಿದ ಮರಿಗಳು ಸಾಲಿನಲ್ಲಿ ಬಂದು, ತಮಗೂ ಕಿರೀಟ ಬರಲೆಂದು ರಾಜನ ತಲೆಗೆ ತಲೆ ಉಜ್ಜಿದವು. ಗುಂಗಮ್ಮ ಹಾಡಿಕೊಂಡು ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಹಾರಿದಳು. ಕೊನೆಗೆ ಹುಂಜ ಜುಟ್ಟಣ್ಣನೂ ಬಂದು, "ನನ್ನದು ಸ್ವಲ್ಪ ಗಿಡ್ಡವಾಯಿತು, ಒಂದಿಷ್ಟು ಉಜ್ಜಪ್ಪಾ" ಎಂದು ತಲೆ ಬಗ್ಗಿಸಿದ.

ಕೆಲವೇ ದಿನಗಳಲ್ಲಿ ಮರಿಗಳಿಗೆಲ್ಲ ಕಿರೀಟ! ಮೆಳೆಯ ತುಂಬ ರಾಜರು, ಪ್ರಜೆ ಒಬ್ಬನೂ ಇಲ್ಲ.

"ಏಯ್, ನನಗೊಂದು ಗೆದ್ದಲು ತಾ!"

"ನೀನೇ ತಾರೋ! ನಾನೂ ರಾಜ. ರಾಜರು ನೆಲ ಕೆದಕುವುದುಂಟೇ?"

ಹೀಗೆ ಅಪ್ಪಣೆ ಕೊಡುತ್ತ ಕೊಡುತ್ತ ರಾಜರೆಲ್ಲ ಹೊಟ್ಟೆಗಿಲ್ಲದೆ ತೂಕಡಿಸಿದರು. ಮುತ್ತುವಿನ ಕಿರೀಟವಂತೂ ಹಣೆಯಿಂದ ಇಳಿದು ರೆಪ್ಪೆಗೆ ಬಂತು. ಒಂದು ಕಣ್ಣು ಮುಚ್ಚಿಹೋಯಿತು.

"ಅವ್ವಾ, ಆ ಕಡೆ ಯಾಕೆ ಕತ್ತಲೆ?"

ಈಗ ಚೆಲುವಿ ಮಗನ ರೆಪ್ಪೆಯನ್ನು ಹತ್ತಿರದಿಂದ ನೋಡಿದಳು. ಗುಂಗಮ್ಮನನ್ನು ಕೇಳಿದರೆ, "ರಾಜರು ಅರೆಗಣ್ಣಿನಲ್ಲೇ ನೋಡುವುದು" ಎಂದಳು. ಚೆಲುವಿ ಅಲ್ಲಿ ನಿಲ್ಲಲಿಲ್ಲ. ಮೆಳೆಯ ಆಚೆ ಇದ್ದ ಕೆಂಚಜ್ಜಿಯ ಬಳಿಗೆ ಓಡಿದಳು.

ಕೆಂಚಜ್ಜಿ ಮುದಿಕೋಳಿ. ಅವಳು ಬಂದು ಮುತ್ತುವನ್ನು ನೋಡಿದಳು. ಆಮೇಲೆ ಚೆಲುವಿಯತ್ತ ತನ್ನ ಎಡಮುಖ ತಿರುಗಿಸಿದಳು. ಅಲ್ಲಿ ಕಣ್ಣಿರಲಿಲ್ಲ.

"ನನಗೂ ಹೀಗೇ ಪಟ್ಟಾಭಿಷೇಕ ಮಾಡಿದ್ದರು ತಾಯಿ. ಇದು ಕಿರೀಟವಲ್ಲ, ಕೋಳಿಸಿಡುಬು. ಸೊಳ್ಳೆ ಹೊತ್ತು ತರುತ್ತದೆ, ತಲೆ ಉಜ್ಜಿದರೆ ಹರಡುತ್ತದೆ. ಮೊದಲು ಇವರನ್ನು ಬೇರೆ ಬೇರೆ ಇಡು."

ರಾಜರು ಒಪ್ಪಬೇಕಲ್ಲ! "ನಾವು ಕದಲುವುದಿಲ್ಲ" ಎಂದರು. ಅಜ್ಜಿ ಕೊಕ್ಕು ಬಗ್ಗಿಸಿ ಕೈಮುಗಿದಂತೆ ನಿಂತಳು.

"ಬುದ್ಧೀ, ಒಂದೇ ಅರಮನೆಯಲ್ಲಿ ಇಷ್ಟು ರಾಜರು ಇದ್ದರೆ ಮರ್ಯಾದೆ ಎಲ್ಲಿ ಉಳಿಯುತ್ತದೆ? ಒಬ್ಬೊಬ್ಬರಿಗೆ ಒಂದೊಂದು ಪೊದೆ ಅರಮನೆ."

"ನನಗೆ ದೊಡ್ಡದು! ನನಗೆ ದೊಡ್ಡದು!" ಎನ್ನುತ್ತ ಎಲ್ಲರೂ ಬೇರೆ ಬೇರೆ ಪೊದೆ ಸೇರಿದರು. ಜುಟ್ಟಣ್ಣನೂ ಒಂದು ಪೊದೆ ಹಿಡಿದ.

ತಾಯಂದಿರು ಬೇವಿನೆಲೆ ನೆನೆಸಿ ಬಿಸಿಲಿಗೆ ಬೆಚ್ಚಗಾದ ನೀರಿಗೆ ಗರಿ ಅದ್ದಿ ಹಕ್ಕಳೆ ಒರೆಸಿದರು, ಕಣ್ಣಂಚು ತೊಳೆದರು. ಕೊಕ್ಕಿನ ಹತ್ತಿರವೇ ಮೆತ್ತನೆಯ ಕಾಳು, ಹೊಸ ನೀರು ಇಟ್ಟರು. "ಹಕ್ಕಳೆ ಕೀಳಬೇಡಿ, ತಾನಾಗಿ ಬೀಳಲಿ" ಎಂದು ಅಜ್ಜಿ ಗದರುತ್ತಲೇ ಇದ್ದಳು. ಚೆಲುವಿ ಮಾತ್ರ ನೆಟ್ಟಗೆ ಹೋಗಿ ಮಡಕೆಯನ್ನು ಒದ್ದು ಕವುಚಿದಳು. ಹಾರಿಬಂದ ಗುಂಗಮ್ಮ, "ಅಯ್ಯೋ ರಾಜಮಾತೆ!" ಎಂದು ರಾಗ ತೆಗೆಯುವಷ್ಟರಲ್ಲಿ ಮಡಕೆಯ ಹಿಂದಿದ್ದ ಕಪ್ಪೆ ಅವಳನ್ನು ರಾಗದ ಸಮೇತ ನುಂಗಿತು.

ದಿನಗಳು ಕಳೆದವು. ಒಂದು ಬೆಳಗ್ಗೆ ಮುತ್ತುವಿನ ಪೊದೆಯಿಂದ ಅಳು ಕೇಳಿಸಿತು. ಚೆಲುವಿ ಎದ್ದುಬಿದ್ದು ಓಡಿದಳು.

"ಅವ್ವಾ, ಕಿರೀಟ ಉದುರಿಹೋಯ್ತು! ನನ್ನ ರಾಜ್ಯ ಹೋಯ್ತು!"

ಅಳುತ್ತಿದ್ದುದು ಎರಡೂ ಕಣ್ಣಿನಿಂದ. ಎರಡೂ ಅಗಲವಾಗಿ ತೆರೆದಿದ್ದವು.

"ಹೋಗಲಿ ಬಿಡೋ ಕಂದಾ" ಎಂದು ಚೆಲುವಿ ಅವನನ್ನು ರೆಕ್ಕೆಯೊಳಗೆ ಎಳೆದುಕೊಂಡು, ದೇವರನ್ನು ನೆನೆದಳು. ಅಷ್ಟರಲ್ಲಿ ಮುತ್ತುವಿಗೆ ಮೊದಲು ಮುಚ್ಚಿಹೋಗಿದ್ದ ಕಣ್ಣಿನಿಂದಲೇ ಒಂದು ಗೆದ್ದಲು ಕಂಡಿತು. ಅಳು ನಿಲ್ಲಿಸಿ, ರೆಕ್ಕೆಯಿಂದ ನುಸುಳಿ, ತಾನೇ ನೆಲ ಕೆದಕಿ ತಿಂದ.

ನೀತಿ: ಮಕ್ಕಳ ಮೈಮೇಲೆ ಹೊಸದೇನಾದರೂ ಕಂಡರೆ ಹೊಗಳುವವರನ್ನು ಕೇಳಬೇಡಿ, ಬಲ್ಲವರಿಗೆ ತೋರಿಸಿ.