ತಾಂಡೇಲನ ಮೂವರು ಕಳ್ಳರು

"ಕೇಳಿರಯ್ಯಾ ಕೇಳಿರಿ! ಅಳಿವೆಕೋಟೆಯ ರಾಣಿ ಪದುಮಲೆದೇವಿಯ ಅಪ್ಪಣೆ! ಮೆಣಸು ಹೊತ್ತು ಕಡಲಾಚೆಗೆ ಹೋದ ನಮ್ಮ ಹಡಗು, ನಾವು ಅಂದಾಜು ಮಾಡಿದ್ದರಲ್ಲಿ ಅರ್ಧ ಹೊನ್ನನ್ನೂ ತರಲಿಲ್ಲ. ಮಿಕ್ಕದ್ದನ್ನು ಮೂವರು ಕಳ್ಳರು ತಿಂದರೆಂದು ಹಡಗು ನಡೆಸುವ ತಾಂಡೇಲ ಸಂಕಣ್ಣ ಒಗಟು ಹೇಳುತ್ತಾನೆ, ಹೆಸರು ಮಾತ್ರ ಹೇಳುವುದಿಲ್ಲ. ಆ ಮೂವರನ್ನು ಗುರುತಿಸಿದವರಿಗೆ ಬಂದರಿನ ಯಜಮಾನಿಕೆ. ತಪ್ಪಿದವರಿಗೆ ಅಮಾವಾಸ್ಯೆಯಂದು ಸಂಕಣ್ಣನ ಜೊತೆಗೇ ತಲೆದಂಡ!"

ಡಂಗುರದವನು ಹೀಗೆ ಕೂಗುತ್ತ ಬಂದಾಗ ಈರ ದಡದಲ್ಲಿ ಕೂತು ದೋಣಿಯೊಳಗಿನ ನೀರನ್ನು ಕರಟದಿಂದ ಹೊರಗೆ ಚೆಲ್ಲುತ್ತಿದ್ದ. ಸಂಕಣ್ಣ ಅವನ ಒಡಹುಟ್ಟಿದ ಅಣ್ಣ. ಕೈಯಲ್ಲಿದ್ದ ಕರಟ ಅಲ್ಲೇ ಬಿತ್ತು.

ಅಣ್ಣ ಕಡಲ ಹುಲಿ, ತಮ್ಮ ದಡದ ಬೆಕ್ಕು ಎಂದು ಊರೆಲ್ಲ ಈರನನ್ನು ಆಡಿಕೊಂಡು ನಗುತ್ತಿತ್ತು. ನಗಲಿ ಬಿಡಿ, ಊರಿಗೆ ಬೇರೆ ಕೆಲಸವೇನು! ಅಳಿವೆಯ ಬಾಯಲ್ಲಿ ಮರಳುದಿಬ್ಬವಿದ್ದುದರಿಂದ ದೊಡ್ಡ ಹಡಗುಗಳು ಒಳಗೆ ಬರುವಂತಿರಲಿಲ್ಲ. ದೂರದಲ್ಲಿ ನಿಂತ ಹಡಗಿಗೂ ದಡಕ್ಕೂ ನಡುವೆ ಮೂಟೆ ಸಾಗಿಸುವುದೇ ಈರನ ಕೆಲಸ. ಹಡಗಿನ ಮೈ ಮುಟ್ಟಿದ್ದನೇ ಹೊರತು ಒಮ್ಮೆಯೂ ಹತ್ತಿರಲಿಲ್ಲ. "ಬಪ್ಪ ವರ್ಷ ನಿನ್ನನ್ನೂ ಕರ್ಕಂಡ್ ಹೋತೆ" ಎಂದು ಅಣ್ಣ ಮಾತು ಕೊಟ್ಟಿದ್ದ. ಆ ಮಾತಿನ ಮೇಲೇ ಈರ ಜೀವ ಹಿಡಿದುಕೊಂಡಿದ್ದ.

ಸಂಕಣ್ಣ ಏಕೆ ಬಾಯಿ ಬಿಡುವುದಿಲ್ಲವೆಂಬುದು ಕಡಲಿಗರಿಗೆಲ್ಲ ಗೊತ್ತಿತ್ತು. ಅವರದೊಂದು ಕಟ್ಟಳೆ. ಪಯಣದಲ್ಲಿ ಕಳೆದುಹೋದದ್ದು ಯಾವುದರ ಪಾಲಾಯಿತೆಂದು ಹಡಗು ಹತ್ತಿದವನು ನೆಲದ ಮೇಲೆ ಹೆಸರೆತ್ತಿ ಹೇಳಿದರೆ, ಅವನ ಜೊತೆ ಹೋದವರೆಲ್ಲ ಮುಂದಿನ ಪಯಣದಲ್ಲಿ ಮುಳುಗುತ್ತಾರೆ. ಹಡಗು ಹತ್ತದವನು ಹೇಳಬಹುದು. ಆದರೆ ಹೇಳಿದ ಮೇಲೆ ಅವನು ಜನ್ಮದಲ್ಲಿ ಹಡಗು ಹತ್ತುವಂತಿಲ್ಲ.

ಅಮಾವಾಸ್ಯೆಯ ಬೆಳಗ್ಗೆ ಸಭೆ ಕೂಡಿತು. ಬೇಡಿ ತೊಟ್ಟ ಸಂಕಣ್ಣನ ಪಕ್ಕದಲ್ಲೇ ಕಟುಕ ಕತ್ತಿ ಹಿಡಿದು ನಿಂತಿದ್ದ.

"ಮೊದಲನೆಯ ಕಳ್ಳನ ಒಗಟು ಹೇಳು" ಎಂದಳು ರಾಣಿ.

"ಗೋಣಿ ಹರಿಯಲಿಲ್ಲ, ಕಟ್ಟು ಬಿಚ್ಚಲಿಲ್ಲ, ಒಂದು ಕಾಳೂ ಮುಟ್ಟಲಿಲ್ಲ. ಆದ್ರೂ ಆಚೆ ದಡದಲ್ಲಿ ತೂಗಿದ್ರೆ ಮೆಣಸು ಕಡಿಮೆ. ಅವ ಯಾರು?"

ವರ್ತಕ ದುಗ್ಗಣ ಮುಂದೆ ಬಂದ. "ಇಲಿಗಳು, ಮತ್ಯಾರು!"

"ಗೋಣಿ ಹರಿಯದೆ ಇಲಿ ಹೇಗೆ ತಿಂದೀತು?" ಎಂದಳು ರಾಣಿ. ದುಗ್ಗಣನಿಗೂ ಬೇಡಿ ಬಿತ್ತು.

ಕೋಟೆಯ ದಳವಾಯಿ ಮೀಸೆ ತೀಡಿದ. "ಪರದೇಶದವರ ಕಳ್ಳ ತೂಕ."

"ತೂಗಿದ್ದು ನಮ್ಮದೇ ತಕ್ಕಡಿ, ನಮ್ಮದೇ ಕಲ್ಲು" ಎಂದ ಸಂಕಣ್ಣ. ದಳವಾಯಿಯ ಮೀಸೆ ಇಳಿಯಿತು. ಬೇಡಿ ಅವನ ಕೈಗೂ ಬಂತು.

ಆಮೇಲೆ ಯಾರೂ ಏಳಲಿಲ್ಲ. ಕಟುಕ ಒಂದು ಹೆಜ್ಜೆ ಮುಂದಿಟ್ಟ. ಗುಂಪಿನ ಹಿಂದಿನಿಂದ ಈರ ನುಗ್ಗಿ ಬಂದ.

"ತಮ್ಮಾ, ಬೇಡ! ನಿನ್ನ ಕಡಲು ಹೋತ್!" ಎಂದು ಸಂಕಣ್ಣ ಕೂಗಿದ.

"ಹೋಗ್ಲಿ ಅಣ್ಣ" ಎಂದ ಈರ. ರಾಣಿಯ ಕಡೆ ತಿರುಗಿದ. "ಅಮ್ಮಾ, ನಾನ್ ಹೇಳ್ತೆ. ಆ ಮೆಣಸು ಮಳೆಗಾಲವಿಡೀ ಉಗ್ರಾಣದಲ್ಲಿದ್ದು ಥಂಡಿ ಹೀರಿತ್ತು. ಹೊತ್ತವ ನಾನೇ, ಬೆನ್ನು ಒದ್ದೆಯಾಗಿತ್ತು. ದಾರಿಯಲ್ಲಿ ಒಣಗಿದೆ. ಕಳ್ಳ ಬಿಸಿಲು."

ಸಂಕಣ್ಣ ಕಣ್ಣು ಮುಚ್ಚಿ ತಲೆಯಾಡಿಸಿದ.

"ಎರಡನೆಯದು!" ಎಂದಳು ರಾಣಿ.

"ಹಡಗು ಓಡುವಾಗ ಅವನು ಮಲಗಿರುತ್ತಾನೆ. ನಿಂತ ಕೂಡಲೇ ಎದ್ದು ಉಣ್ಣಲು ಕೂರುತ್ತಾನೆ. ಎಷ್ಟು ಬಡಿಸಿದರೂ ಸಾಕೆನ್ನುವುದಿಲ್ಲ."

ಈರ ನೆಲ ನೋಡಿದ. ಹಡಗು ಬಂದ ಮೇಲೆ ನೀರಿಗಿಳಿದು ಅದರ ಅಡಿಯನ್ನು ಕೆರೆದವನೂ ಅವನೇ. ಅಡಿಗೆ ಅಂಟುವ ಕಡಲ ಚಿಪ್ಪು ಎಂದೂ ಇಲ್ಲದಷ್ಟು ದಪ್ಪಗೆ ಹಿಡಿದಿತ್ತು. ಓಡುವ ಹಡಗಿಗೆ ಅಷ್ಟು ಚಿಪ್ಪು ಹಿಡಿಯುವುದಿಲ್ಲ.

"ಕಾಯುವುದು" ಎಂದ. "ಆಚೆ ದಡದಲ್ಲಿ ಗಾಳಿ ತಿರುಗಲಿಲ್ಲ. ನಿಂತ ಜಾಗಕ್ಕೂ ಬಾಡಿಗೆ, ಕುಡಿವ ನೀರಿಗೂ ದುಡ್ಡು, ಕೆಲಸವಿಲ್ಲದ ಆಳುಗಳಿಗೂ ಅನ್ನ. ಕಾದು ಕಾದೇ ಬಹಳಷ್ಟು ಹೊನ್ನು ಕರಗಿದೆ, ಕಾಣಿ ಅಮ್ಮಾ."

ಸಂಕಣ್ಣ ಮತ್ತೆ ತಲೆಯಾಡಿಸಿದ.

"ಮೂರನೆಯವನಿಗೆ ನಾನೇ ಕರೆದು, ಕೈಯಾರೆ ಕೊಟ್ಟೆ" ಎಂದ ಸಂಕಣ್ಣ. "ಕೊಟ್ಟದ್ದರಿಂದಲೇ ಉಳಿದದ್ದು ಉಳಿಯಿತು."

ಕೈಯಾರೆ ಕೊಟ್ಟನೆ! ತಪ್ಪೊಪ್ಪಿಕೊಂಡನಲ್ಲ ಎಂದು ಜನ ಗುಜುಗುಜು ಎಂದರು. ಕಟುಕ ರಾಣಿಯ ಮುಖ ನೋಡಿದ. ಈರ ಯೋಚಿಸಿದ. ಲಂಚವೆ? ಕಡಲ್ಗಳ್ಳರಿಗೆ ಕೊಟ್ಟ ಕಪ್ಪವೆ? ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡ. ಹಡಗು ಬಂದ ದಿನ ತನ್ನ ದೋಣಿಗೆ ಬಿದ್ದ ಹಗ್ಗಗಳು ಅವನ ಕಣ್ಣಿಗೆ ಕಟ್ಟಿದವು. ಕಡಲಿಗ ಹಗ್ಗವನ್ನು ಬಿಚ್ಚುತ್ತಾನೆ, ಸುಮ್ಮಸುಮ್ಮನೆ ಕಡಿಯುವುದಿಲ್ಲ. ಹಡಗಿನ ತೆರೆದ ಅಟ್ಟದ ಮೇಲಿನ ಮೂಟೆಗಳನ್ನು ಬಿಗಿದಿದ್ದ ಆ ಹಗ್ಗಗಳೆಲ್ಲ ಕೊಡಲಿಯಿಂದ ಕಡಿದವಾಗಿದ್ದವು.

"ಕಡಲು!" ಎಂದು ಈರ ಕೂಗಿಬಿಟ್ಟ. "ಬಿರುಗಾಳಿಯಲ್ಲಿ ಹಡಗು ಮುಳುಗ್ತಿತ್ತು ಅಮ್ಮಾ. ಬಿಚ್ಚುವಷ್ಟು ಹೊತ್ತೂ ಇರಲಿಲ್ಲ. ಹಗ್ಗ ಕಡಿದು, ಮೇಲಿನ ಮೂಟೆಗಳನ್ನ ಅಣ್ಣನೇ ನೀರಿಗೆ ಹಾಕ್ಸಿದ್ದಾನೆ. ಹಾಕ್ಸದಿದ್ರೆ ಹಡಗೂ ಇಲ್ಲ, ಆಳುಗಳೂ ಇಲ್ಲ."

ಸಂಕಣ್ಣ ಗಳಗಳನೆ ಅತ್ತ. ಅದಕ್ಕಿಂತ ಬೇರೆ ಸಾಕ್ಷಿ ಯಾರಿಗೂ ಬೇಕಾಗಲಿಲ್ಲ.

ಕತ್ತಿ ಇಳಿಸುವಂತೆ ರಾಣಿ ಕಟುಕನಿಗೆ ಸನ್ನೆ ಮಾಡಿದಳು. "ಅಂದಾಜು ಹಾಕಿದವಳು ನಾನೇ" ಎಂದಳು. "ಮೆಣಸಿನ ಕ್ರಯ, ಆಳುಗಳ ಸಂಬಳ, ಎರಡೂ ದಡದ ಸುಂಕ. ಇಷ್ಟು ಕಳೆದು ಮಿಕ್ಕದ್ದೆಲ್ಲ ಲಾಭವೆಂದು ಕೂತಿದ್ದೆ. ಈ ಮೂವರಿಗೆ ಎಲೆ ಹಾಕಿರಲಿಲ್ಲ. ಬೇಡಿ ಬಿಚ್ಚಿರಿ, ಎಲ್ಲರದೂ."

ಈರ ಬಂದರಿನ ಯಜಮಾನನಾದ. ಅಂದಿನಿಂದ ಅಳಿವೆಕೋಟೆಯಲ್ಲಿ ಬಿಸಿಲಿನ ಪಾಲು, ಕಾಯುವ ಪಾಲು, ಕಡಲಿನ ಪಾಲು ತೆಗೆದಿಟ್ಟ ಮೇಲೆಯೇ ಲಾಭದ ಮಾತು. ದಡದ ಬೆಕ್ಕು ಎಂದವರು ಈಗ ಎದ್ದು ನಿಂತು ಕೈಮುಗಿಯತೊಡಗಿದರು.

ಮಳೆ ಕಳೆದು ಹಡಗು ಮತ್ತೆ ಹೊರಟಿತು. ಯಜಮಾನನಾದರೂ ಕೊನೆಯ ಮೂಟೆಗಳನ್ನು ಈರನೇ ದೋಣಿಯಲ್ಲಿ ಒಯ್ದ. ಮೂಟೆಗಳು ಮೇಲೇರಿದ ಮೇಲೆ ಸಂಕಣ್ಣ, ಕೊಟ್ಟ ಮಾತಿನ ಗುಂಗಿನಲ್ಲೇ, ಹಗ್ಗದ ಏಣಿಯನ್ನು ತಮ್ಮನಿಗಾಗಿ ಇಳಿಬಿಟ್ಟ. ಈರ ಅದರ ತುದಿಯನ್ನು ಹಿಡಿದುಕೊಂಡ. ಇಬ್ಬರಿಗೂ ಒಟ್ಟಿಗೇ ಕಟ್ಟಳೆ ನೆನಪಾಯಿತು. ಈರ ಕೈ ಬಿಟ್ಟ. ಸಂಕಣ್ಣ ಏಣಿಯನ್ನು ಮೆಲ್ಲಗೆ ಮೇಲಕ್ಕೆಳೆದುಕೊಂಡ.