ಆರರಿಂದ ಏಳು

ಭರಮಪ್ಪ ಮಠಕ್ಕೆ ಬಂದ ದಿನ ಕೂತಲ್ಲಿ ಕೂರಲಿಲ್ಲ.

ಪಡಸಾಲೆಯಲ್ಲಿ ಕೂತ, ಎದ್ದ. ಹೊಳೆಗೆ ಹೊರಟವನು ಮೂರನೆಯ ಮೆಟ್ಟಿಲಿನಿಂದಲೇ ತಿರುಗಿ ಬಂದ. ಪ್ರಸಾದಕ್ಕೆ ಕೂತು ನಾಲ್ಕು ತುತ್ತಿಗೇ ಕೈ ತೊಳೆದ. ಬಾಗಿಲ ಹತ್ತಿರ ಯಾರದೋ ಸೈಕಲ್ಲಿನ ಗಂಟೆ ಕೇಳಿದರೂ ಅವನ ಎದೆ ಧಸಕ್ಕೆನ್ನುತ್ತಿತ್ತು.

ಮಠದ ಹಿರಿಯ ಸ್ವಾಮಿಗಳನ್ನು ಸುತ್ತಲಿನ ಹಳ್ಳಿಗಳವರು ಅಜ್ಜಾರು ಎಂದೇ ಕರೆಯುತ್ತಾರೆ. ಎಂಬತ್ತು ದಾಟಿದ ಜೀವ. ಇಪ್ಪತ್ತು ವರ್ಷಗಳ ಹಿಂದೆ ಇದೇ ಅಂಗಳದಲ್ಲಿ ಭರಮಪ್ಪನಿಗೆ ಅಕ್ಷರ ಕಲಿಸಿದವರು ಅವರು. ಸಂಜೆಯಾದರೆ ಕಾವಿ ಎತ್ತಿ ಕಟ್ಟಿ, ಸೀಟಿ ಊದಿ, ಫುಟ್‌ಬಾಲ್ ಆಡಿಸಿದವರೂ ಅವರೇ.

ಈಗ ಭರಮಪ್ಪ ದೊಡ್ಡ ಕ್ಲಬ್ಬಿನ ಆಟಗಾರ. ಎಡ ಅಂಚಿನಲ್ಲಿ ಅವನು ಚೆಂಡು ಹಿಡಿದು ಓಡತೊಡಗಿದರೆ ಸಾವಿರಾರು ಜನ ಎದ್ದು ನಿಲ್ಲುತ್ತಾರೆ. ಅಂಥವನು ಸೈಕಲ್ಲಿನ ಗಂಟೆಗೆ ಬೆಚ್ಚುವುದನ್ನು ಅಜ್ಜಾರು ಮಧ್ಯಾಹ್ನದವರೆಗೆ ಸುಮ್ಮನೆ ನೋಡಿದರು. ಅವರ ಮಡಿಲಲ್ಲಿ ಹೊಲಿಗೆ ಬಿಟ್ಟ ಒಂದು ಹಳೆಯ ಚೆಂಡಿತ್ತು. ದಬ್ಬಳದಲ್ಲಿ ದಾರ ಪೋಣಿಸಿ ಅದನ್ನು ಹೊಲಿಯುತ್ತಿದ್ದರು.

"ಯಾರ ದಾರಿ ನೋಡಾಕತ್ತಿ, ತಮ್ಮಾ?"

"ಯಾರದೂ ಇಲ್ರಿ."

"ಯಾರೂ ಬರಂಗಿಲ್ಲಂದ್ರ ಇಷ್ಟ್ಯಾಕ ಹೆದರ್ತಿ?"

ಭರಮಪ್ಪ ಕೂತ. ಆಗಷ್ಟೇ ಅವನಿಗೆ ಬಾಯಿ ಬಂತು.

ಆಟಗಾರರು ಬೇಡದ ಔಷಧಿ ತಗೊಂಡು ಮೈದಾನಕ್ಕೆ ಇಳಿಯಬಾರದೆಂದು ಪರೀಕ್ಷೆ ಮಾಡುವವರು ಇದ್ದಾರೆ, ಹೇಳದೆ ಕೇಳದೆ ಬರುತ್ತಾರೆ ಎಂದ. ಅವರು ಬಂದಾಗ ಸಿಗಬೇಕು. ಅದಕ್ಕಾಗಿ ದಿನದ ಒಂದು ಗಂಟೆ ಎಲ್ಲಿರುತ್ತೇನೆ ಎಂದು ಮೊದಲೇ ಬರೆದು ಕೊಡಬೇಕು. ಆ ಗಂಟೆ ಆ ಜಾಗದಲ್ಲಿ ಇರಲೇಬೇಕು. ಬಂದವರಿಗೆ ವರ್ಷದೊಳಗೆ ಮೂರು ಸಲ ಸಿಗದೆ ಹೋದರೆ ಆಟದಿಂದ ಹೊರಗೆ. ಅವನು ಈಗಾಗಲೇ ಎರಡು ಸಲ ತಪ್ಪಿಸಿದ್ದ. ಒಮ್ಮೆ ಗೆಳೆಯನ ಮದುವೆಗೆ ಹೋಗಿ ಅಲ್ಲೇ ಮಲಗಿಬಿಟ್ಟಿದ್ದ, ಇನ್ನೊಮ್ಮೆ ಪಂದ್ಯದ ಊರು ಬದಲಾದದ್ದನ್ನು ತಿಳಿಸಲು ಮರೆತಿದ್ದ.

ಅಜ್ಜಾರು ದಬ್ಬಳ ನಿಲ್ಲಿಸಿದರು. "ಯಾವ ಗಂಟೆ ಅಂತ ಯಾರು ಹೇಳಿದ್ರು?"

"ನಾನ ಬರದ್ನಿರಿ. ಮುಂಜಾನೆ ಆರರಿಂದ ಏಳು."

"ಜಾಗಾ?"

"ಅದೂ ನಾನ ಬರದ್ನಿ. ಈ ಹದಿನೈದು ದಿನ ರಜಾ ಅದ. ಮಠ ಅಂತ ಬರದೀನಿ."

ಅಜ್ಜಾರು ಬೊಚ್ಚುಬಾಯಿ ಬಿಟ್ಟು ನಕ್ಕರು. ದಿನಕ್ಕೆ ಒಂದು ಗಂಟೆ ಒಂದು ಕಡೆ ಕೂರಿರಪ್ಪಾ ಎಂದು ತಾನು ಐವತ್ತು ವರ್ಷದಿಂದ ಜನರ ಬೆನ್ನು ಹತ್ತಿದ್ದೇನೆ, ಒಬ್ಬನೂ ಕೂತಿಲ್ಲ, ನಿಮ್ಮವರು ಅದನ್ನು ಕಾಯಿದೆಯನ್ನೇ ಮಾಡಿಬಿಟ್ಟರಲ್ಲ ಎಂದರು. ಭರಮಪ್ಪನಿಗೆ ನಗು ಬರಲಿಲ್ಲ.

"ಹಂಗಾದ್ರ ಕುಂದರು. ಅದರಾಗ ಹೆದರೂದೇನೈತಿ?"

ಅವನು ತನ್ನ ಎಡ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡ. ಆಮೇಲೆ ಉಳಿದದ್ದನ್ನೂ ಹೇಳಿದ.

ಕೆಲವು ತಿಂಗಳ ಹಿಂದೆ ಮೊಣಕಾಲು ನೋಯತೊಡಗಿತ್ತು. ತಂಡಕ್ಕೆ ಹತ್ತೊಂಬತ್ತು ವರ್ಷದ ಇನ್ನೊಬ್ಬ ಬಂದಿದ್ದ, ಅದೇ ಎಡ ಅಂಚಿಗೆ. ಸತತ ಆರು ಪಂದ್ಯ ಭರಮಪ್ಪ ಹೊರಗೆ ಕೂತು ಅವನು ಓಡುವುದನ್ನು ನೋಡಿದ. ಆಗ ಜಿಮ್ಮಿನಲ್ಲಿ ಪರಿಚಯವಾದವನೊಬ್ಬ ಒಂದು ಸೂಜಿ ಚುಚ್ಚಿದ. ಅದು ಮೂರು ದಿನದ ಹಿಂದಿನ ಮಾತು. ಶೀಶೆಯ ಮೇಲಿನ ಹೆಸರನ್ನು ಭರಮಪ್ಪ ಓದಿದ್ದ. ಅದು ಆಟಗಾರರು ಮುಟ್ಟಬಾರದ ಔಷಧಿಗಳ ಪಟ್ಟಿಯಲ್ಲಿದೆ ಎಂಬುದೂ ಅವನಿಗೆ ಗೊತ್ತಿತ್ತು. ಹತ್ತು ದಿನದಲ್ಲಿ ಮೈಯಿಂದ ಹೋಗುತ್ತದೆ ಎಂದು ಚುಚ್ಚಿದವನು ಹೇಳಿದ್ದ.

"ಸಿಕ್ಕರ ನಾಕ ವರ್ಷ, ಅಜ್ಜಾರ. ನನಗೀಗ ಇಪ್ಪತ್ತೆಂಟು. ನಾಕ ವರ್ಷ ಅಂದ್ರ ಮುಗೀತು. ಸಿಗದಿದ್ರ, ಮರತೆ ಅಂತ ಹೇಳಿದ್ರ, ಎರಡ ವರ್ಷ. ಹೆಸರೂ ಕೆಡಂಗಿಲ್ಲ."

"ಯಾರೂ ಬರಲೇ ಇಲ್ಲಂದ್ರ?"

"ಏನೂ ಇಲ್ರಿ. ಉಳದ್ನಿ."

ಆಮೇಲೆ ಭರಮಪ್ಪ ತಾನು ಕೇಳಲು ಬಂದದ್ದನ್ನು ಕೇಳಿದ.

"ಅವರು ಬಂದ್ರ, ಭರಮಪ್ಪ ಇಲ್ಲ ಅನ್ರಿ. ನಿಮ್ಮ ಮಾತಿನ ಮ್ಯಾಲ ಯಾರೂ ಮಠಾ ಹುಡುಕಂಗಿಲ್ಲ."

ಅಜ್ಜಾರು ಬೈಯುತ್ತಾರೆ ಎಂದು ಅವನು ತಲೆ ತಗ್ಗಿಸಿಕೊಂಡೇ ಇದ್ದ. ಅವರು ಬೈಯಲಿಲ್ಲ.

"ಹೇಳ್ತೀನಿ. ಆದ್ರ ಈ ವಯಸ್ಸಿನ್ಯಾಗ ನನಗ ಸುಳ್ಳು ಹೇಳಾಕ ಹಚ್ಚಬ್ಯಾಡ. ಇಲ್ಲ ಅಂತ ನಾ ಹೇಳಬೇಕಂದ್ರ ನೀ ಖರೇನ ಇರಬಾರದು. ಆ ಒಂದು ತಾಸು ಇಲ್ಲಿಂದ ಹೋಗಿಬಿಡು."

ಭರಮಪ್ಪನಿಗೆ ಬೆನ್ನ ಮೇಲಿನ ಮೂಟೆ ಇಳಿದಷ್ಟು ಹಗುರವಾಯಿತು. ಇಷ್ಟು ಸಲೀಸಾಗಿ ಮುಗಿಯುತ್ತದೆ ಎಂದುಕೊಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಆರಕ್ಕೆ ಮುಂಚೆಯೇ ಅವನು ಹೊಳೆ ದಾಟಿದ. ಏಳು ಹೊಡೆದ ಮೇಲೆ ಬಂದ. ಅಜ್ಜಾರು ಮೆಟ್ಟಿಲ ಮೇಲೆ ಕೂತು ಚೆಂಡು ಹೊಲಿಯುತ್ತಿದ್ದರು. ಯಾರೂ ಬಂದಿರಲಿಲ್ಲ.

"ಎಲ್ಲಿದ್ದಿ?"

"ಆಚೆ ದಂಡೀ ಕಬ್ಬಿನಾಗ್ರಿ."

"ಏನ್ ಮಾಡಾಕತ್ತಿದ್ದಿ?"

"ಮಠದ ಬಾಗಿಲಾ ನೋಡ್ಕೋಂತ ಕುಂತಿದ್ನಿ."

"ಒಂದು ತಾಸೂ?"

"ಹೂನ್ರಿ."

ಅಜ್ಜಾರು ತಲೆಯಾಡಿಸಿದರು. "ಚಲೋ ಆತು ಯಾರೂ ಬರಲಿಲ್ಲ. ಬಂದಿದ್ರ ನಾ ಸುಳ್ಳು ಹೇಳಿದಂಗ ಆಗ್ತಿತ್ತು. ನೀ ಬಾಗಿಲದಾಗ ಇದ್ದಿ. ನಾಳೆ ಇನ್ನಷ್ಟು ದೂರ ಹೋಗು."

ಭರಮಪ್ಪನಿಗೆ ಕಸಿವಿಸಿಯಾಯಿತು. ಮುದುಕರು ತಮಾಷೆ ಮಾಡುತ್ತಿದ್ದಾರೋ ಏನೋ ತಿಳಿಯಲಿಲ್ಲ. ಆ ದಿನವಿಡೀ ಅವನು ಅಂಗಳದಲ್ಲಿ ಅತ್ತಿಂದಿತ್ತ ತಿರುಗಿದ. ಮಠದವರು ಕಸ ಗುಡಿಸಿದಲ್ಲೇ ಮತ್ತೆ ಹೆಜ್ಜೆ ಮೂಡಿಸಿ ಬೈಸಿಕೊಂಡ. ರಾತ್ರಿ ನಿದ್ದೆ ಹತ್ತಲಿಲ್ಲ.

ಎರಡನೆಯ ದಿನ ನಾಲ್ಕು ಕಿಲೋಮೀಟರು ದೂರದ ಹಳ್ಳಿಗೆ ಹೋದ. ಅಲ್ಲಿಂದ ಮಠ ಕಾಣುವುದಿಲ್ಲ, ಹೊಳೆಯೂ ಕಾಣುವುದಿಲ್ಲ. ಚಹಾದಂಗಡಿಯ ಬೆಂಚಿನ ಮೇಲೆ ಗೋಡೆಗೆ ಮುಖ ಮಾಡಿ ಕೂತ. ಏಳಾದ ಮೇಲೆ ಗೆದ್ದವನಂತೆ ಮರಳಿದ.

"ಎಲ್ಲಿದ್ದಿ?"

ಹಳ್ಳಿಯ ಹೆಸರು ಹೇಳಿದ. ಬಾಗಿಲ ಕಡೆ ನೋಡಲಿಲ್ಲ, ನೋಡಿದರೂ ಕಾಣುತ್ತಿರಲಿಲ್ಲ ಎಂದ.

"ಹಂಗಾದ್ರ ಏನ್ ನೋಡಿದಿ?"

ಸುಳ್ಳು ಹೇಳಬಹುದಿತ್ತು. ಅಜ್ಜಾರ ಮುಂದೆ ನಾಲಿಗೆ ಏಳಲಿಲ್ಲ.

"ಗ್ವಾಡಿ ಮ್ಯಾಲ ಮಠಾನ ಕಂಡಂಗಾತ್ರಿ. ಗಾಡಿ ಬಂದು ಬೇವಿನ ಗಿಡದ ಬುಡಕ ನಿಂತಿತ್ರಿ. ಇಬ್ರು ಇಳದ್ರು. ಒಬ್ಬನ ಕೈಯಾಗ ಪೆಟ್ಟಿಗಿ. ನಿಮ್ಮನ್ನ ಕೇಳಿದ್ರು."

"ನಾ ಏನಂದೆ?"

"ಇಲ್ಲ ಅಂದ್ರಿ."

"ನಂಬಿದ್ರೇನು?"

"ಇಲ್ರಿ."

"ನಾನೂ ನಂಬಂಗಿಲ್ಲ. ನಾಳೆ ಇನ್ನೂ ದೂರ ಹೋಗು."

ಭರಮಪ್ಪನಿಗೆ ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಹೊಳೆಯ ಕಡೆ ನಡೆದ. ತಾನು ಕೇಳಿದ್ದು ಒಂದೇ ಒಂದು ಮಾತು, ಇಲ್ಲ ಎಂಬುದು. ಇಷ್ಟು ಚಿಕ್ಕದನ್ನು ಕೊಡಲಾಗದೆ ಆಟ ಆಡಿಸುತ್ತಿದ್ದಾರಲ್ಲ ಎಂದು ಅಳು ಬಂದಂತಾಯಿತು.

ಮೂರನೆಯ ದಿನ ಅವನು ಚೀಲ ಹೆಗಲಿಗೆ ಹಾಕಿಕೊಂಡೇ ಹೊರಟ. ಅಜ್ಜಾರಿಗೆ ಹೇಳಲಿಲ್ಲ. ಐದೂ ಮುಕ್ಕಾಲಿನ ಮೊದಲ ಬಸ್ಸು ಹತ್ತಿ ಹಿಂದಿನ ಸೀಟಿನಲ್ಲಿ ಕೂತ. ಬಸ್ಸು ಊರು ಬಿಟ್ಟಿತು, ಕಬ್ಬು ಬಿಟ್ಟಿತು. ಆರು ಹೊಡೆದಾಗ ಗಡಿಯಾರ ನೋಡಿಕೊಂಡ. ಈಗ ಖರೇನೇ ಇಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ಕಂಡಕ್ಟರ್ ಹೆಣ್ಣುಮಗಳು ಟಿಕೀಟು ಕೊಡುತ್ತ ಹಿಂದಿನವರೆಗೆ ಬಂದಳು.

"ಎಲ್ಲಿಗ್ರಿ ಅಣ್ಣಾರ?"

ಭರಮಪ್ಪ ಬಾಯಿ ತೆರೆದ. ಯಾವ ಊರೂ ಬರಲಿಲ್ಲ.

ಮೂರು ವರ್ಷದಿಂದ ಪ್ರತಿಯೊಂದು ದಿನ ಎಲ್ಲಿರುತ್ತೇನೆ ಎಂದು ಬರೆದು ಕೊಟ್ಟವನು ಅವನು. ಊರು, ಬೀದಿ, ಮನೆ, ಎಷ್ಟನೆಯ ಮಹಡಿ, ಎಲ್ಲ. ಈಗ ಒಂದು ಟಿಕೀಟಿಗೆ ಹೇಳಲು ಊರಿರಲಿಲ್ಲ. ತಂಡದ ಊರಿಗೆ ಹೋಗುವಂತಿಲ್ಲ, ಅಲ್ಲೂ ಕೇಳುತ್ತಾರೆ. ಮನೆಗೆ ಹೋಗುವಂತಿಲ್ಲ, ಅವ್ವ ಮುಖ ನೋಡಿದರೆ ಹಿಡಿದುಬಿಡುತ್ತಾಳೆ.

ಅವಳು ಇನ್ನೊಮ್ಮೆ ಕೇಳಿದಳು. ಮೂರನೆಯ ಸಲ ಅವಳ ದನಿಯಲ್ಲಿ ಬೇಸರವಿರಲಿಲ್ಲ, ಮೈಯಲ್ಲಿ ಹುಷಾರಿಲ್ಲದವರನ್ನು ಕೇಳುವಂತೆ ಕೇಳಿದಳು. "ಎಲ್ಲಿಗೆ ಹೋಗಬೇಕ್ರಿ ನಿಮಗ?"

"ಇಳಿಸಿಬಿಡ್ರಿ," ಎಂದ.

ಬಸ್ಸು ಅವನನ್ನು ಬಯಲಲ್ಲಿ ಬಿಟ್ಟು ಹೋಯಿತು. ಆರೂ ಹತ್ತು. ಮಠ ಏಳು ಕಿಲೋಮೀಟರು ಹಿಂದಿತ್ತು.

ಅವನು ಓಡತೊಡಗಿದ.

ಮೊದಲು ಕಾಲುಗಳು ಹಗುರವಾಗಿ ಏಳುತ್ತಿದ್ದವು. ಎಡ ಮೊಣಕಾಲಿನಲ್ಲಿ ನೋವೇ ಇರಲಿಲ್ಲ. ಚೆಂಡಿನ ಹಿಂದೆ ಓಡುತ್ತಿದ್ದ ಹಳೆಯ ಓಟ ಅದು. ಎರಡು ಕಿಲೋಮೀಟರಿಗೆ ಅವನಿಗೆ ದಿಗಿಲಾಯಿತು. ಓಡುತ್ತಿರುವುದು ತನ್ನ ಕಾಲೋ, ಆ ಸೂಜಿಯೋ, ಹೇಳಲು ಬರಲಿಲ್ಲ. ಇಷ್ಟು ಚೆನ್ನಾಗಿ ಓಡಿಯೂ ಅದರಲ್ಲಿ ತನ್ನದು ಎಷ್ಟು ಎಂದು ಗೊತ್ತಾಗದಿರುವುದು ಹೊರಗೆ ಕೂತು ನೋಡುವುದಕ್ಕಿಂತ ಕೆಟ್ಟದಾಗಿತ್ತು.

ಐದನೆಯ ಕಿಲೋಮೀಟರಿಗೆ ನೋವು ಬಂತು. ಮೊಣಕಾಲಿನ ಒಳಗಡೆ, ಅದೇ ಹಳೆಯ ಜಾಗದಲ್ಲಿ. ಭರಮಪ್ಪನಿಗೆ ನೆಂಟರು ಬಂದಷ್ಟು ಸಂತೋಷವಾಯಿತು. ಕುಂಟುತ್ತ ಓಡಿದ.

ಮಠದ ಗೋಡೆ ತಲುಪಿದಾಗ ಏಳಕ್ಕೆ ಎಂಟು ನಿಮಿಷವಿತ್ತು. ಬೇವಿನ ಗಿಡದ ಬುಡದಲ್ಲಿ ಒಂದು ಬಿಳಿ ಗಾಡಿ ನಿಂತಿತ್ತು.

ಅವನು ಗೋಡೆಯ ಮರೆಯಲ್ಲೇ ನಿಂತ. ಏದುಸಿರು ಕೇಳಬಾರದೆಂದು ಬಾಯಿಗೆ ಕೈ ಅಡ್ಡ ಹಿಡಿದ. ಒಳಗಿರುವವರು ಏಳರವರೆಗೆ ಕಾಯುತ್ತಾರೆ, ಆಮೇಲೆ ಹೋಗುತ್ತಾರೆ. ಎಂಟು ನಿಮಿಷ ಇಲ್ಲಿ ನಿಂತರೆ ಎರಡು ವರ್ಷ. ಹತ್ತು ಹೆಜ್ಜೆ ಒಳಗೆ ನಡೆದರೆ ನಾಲ್ಕು. ಲೆಕ್ಕ ಅಷ್ಟು ಸ್ಪಷ್ಟವಾಗಿತ್ತು. ಗೋಡೆಯ ಆಚೆಯಿಂದ ದಾರ ಎಳೆಯುವ ಸದ್ದು ಬರುತ್ತಿತ್ತು, ಅಜ್ಜಾರು ಚೆಂಡು ಹೊಲಿಯುತ್ತಿದ್ದರು.

ಬೆವರು ಕಣ್ಣಿಗಿಳಿಯಿತು. ಅವನು ಒರೆಸಿಕೊಂಡು ಒಳಗೆ ನಡೆದ.

"ಭರಮಪ್ಪ ನಾನರಿ," ಎಂದ.

ಬಂದವರು ಇಬ್ಬರು. ಅವರಲ್ಲಿ ಹಿರಿಯರು ಗಡಿಯಾರ ನೋಡಿ ಸಮಯ ಬರೆದುಕೊಂಡರು. ಆಮೇಲಿನದು ಬೇಗ ಮುಗಿಯಲಿಲ್ಲ. ಓಡಿ ಬಂದವನ ಮೈಯಲ್ಲಿ ನೀರೇ ಉಳಿದಿರಲಿಲ್ಲ, ಎಷ್ಟು ಹೊತ್ತಾದರೂ ಮೂತ್ರ ಬರಲೊಲ್ಲದು. ತಂಬಿಗೆ ತಂಬಿಗೆ ನೀರು ಕುಡಿದ. ಅವನು ಎಲ್ಲಿ ಹೋದರೂ ಆ ಹಿರಿಯರು ಕಣ್ಣು ತೆಗೆಯದೆ ಹಿಂದೆಯೇ ಹೋಗುತ್ತಿದ್ದರು, ಬಾಗಿಲು ಹಾಕಿಕೊಳ್ಳಲೂ ಬಿಡಲಿಲ್ಲ. ಅಜ್ಜಾರು ಇದನ್ನೆಲ್ಲ ಬೆರಗಿನಿಂದ ನೋಡಿದರು.

ಕೊನೆಗೆ ಎರಡು ಬಾಟಲಿ ತುಂಬಿ, ಮುಚ್ಚಿ, ಪೆಟ್ಟಿಗೆಗೆ ಇಳಿಸಿದರು. ಹಿರಿಯರು ಒಂದು ಹಾಳೆ ಮುಂದಿಟ್ಟರು. ಕಳೆದ ಏಳು ದಿನದಲ್ಲಿ ತೆಗೆದುಕೊಂಡ ಔಷಧಿ ಯಾವುದು ಎಂದು ಅದರಲ್ಲಿ ಕೇಳಿತ್ತು.

ಭರಮಪ್ಪ ಪೆನ್ನು ಹಿಡಿದು ಬಹಳ ಹೊತ್ತು ಕೂತ. ಪರೀಕ್ಷೆಯಲ್ಲಿ ಸಿಕ್ಕರೂ ಸಿಗಬಹುದು, ಸಿಗದೆಯೂ ಹೋಗಬಹುದು. ಬರೆದರೆ ಮಾತ್ರ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. ಶೀಶೆಯ ಮೇಲೆ ಓದಿದ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದ. ಕೆಳಗೆ ಚುಚ್ಚಿಸಿಕೊಂಡ ತಾರೀಖನ್ನೂ ಬರೆದ.

ಹಿರಿಯರು ಅದನ್ನು ಎರಡು ಸಲ ಓದಿದರು. ಸಹಿ ಮಾಡಿಸಿಕೊಂಡು, ಅಜ್ಜಾರ ಕಾಲಿಗೆ ನಮಸ್ಕಾರ ಮಾಡಿ, ಗಾಡಿ ಹತ್ತಿದರು.

ಅಂಗಳದಲ್ಲಿ ಧೂಳು ಇಳಿಯುವವರೆಗೆ ಭರಮಪ್ಪ ನಿಂತೇ ಇದ್ದ. ಮುಗಿಯಿತು ಎನಿಸಿತು. ಎದೆಯೊಳಗೆ ಇನ್ನೂ ಏನೋ ಓಡುತ್ತಲೇ ಇತ್ತು. ಅವನು ಬಂದು ಅಜ್ಜಾರ ಕೆಳಗಿನ ಮೆಟ್ಟಿಲಲ್ಲಿ ಕೂತ.

"ಅವರು ಎಷ್ಟಕ್ಕ ಬಂದ್ರು?"

"ಸರಿಯಾಗಿ ಆರಕ್ಕ. ಬಂದವ್ರ, ಭರಮಪ್ಪ ಅದಾನೇನ್ರಿ ಅಂದ್ರು."

ಭರಮಪ್ಪ ನೆಲ ನೋಡಿದ. ಇವತ್ತು ತಾನು ನಿಜಕ್ಕೂ ಇರಲಿಲ್ಲ. ಇಲ್ಲ ಎನ್ನಲು ಅಜ್ಜಾರಿಗೆ ಯಾವ ಅಡ್ಡಿಯೂ ಇರಲಿಲ್ಲ.

"ನೀವು ಏನಂದ್ರಿ?"

"ಬರಾಕತ್ತಾನ, ಕುಂದರ್ರಿ ಅಂದೆ."

ಅವನು ತಲೆ ಎತ್ತಿದ. "ಆರಕ್ಕ ನಾ ಬಸ್ಸಿನ್ಯಾಗ ಇದ್ನಿರಿ. ಚೀಲಾ ತಗೊಂಡು ಹೊಂಟಿದ್ನಿ. ನೀವು ಸುಳ್ಳು ಹೇಳಂಗಿಲ್ಲ ಅಂದಿದ್ರಿ, ಅಜ್ಜಾರ."

ಅಜ್ಜಾರು ಕೊನೆಯ ಹೊಲಿಗೆ ಬಿಗಿದು, ದಾರ ಹರಿದು, ಚೆಂಡನ್ನು ಅವನ ಮಡಿಲಿಗೆ ಹಾಕಿದರು.

"ಸುಳ್ಳಾತೇನು?"