ಹೊಳೆವ್ವ ತೊಳೆಯದೆ ಉಳಿಸಿದ ಕೆಂಪು ಪಟ್ಟೆ

ಲೋಕ ಆಗಿನ್ನೂ ಹಸಿಹಸಿಯಾಗಿತ್ತು. ಗುಡ್ಡಗಳಿಗೆ ಯಾರೂ ಹೆಸರಿಟ್ಟಿರಲಿಲ್ಲ. ಗಾಳಿಗೆ ಮಾತು ಬರುತ್ತಿತ್ತು, ಹೊಳೆಗೂ ಬರುತ್ತಿತ್ತು, ಕುದುರೆಗೂ ಬರುತ್ತಿತ್ತು. ಸುಳ್ಳು ಅನ್ನುವವರು ಎದ್ದು ಹೋಗಿ ಒಂದು ತಂಬಿಗೆ ನೀರು ಕುಡಿದು ಬನ್ನಿ, ಕತೆ ಎಲ್ಲೂ ಓಡಿಹೋಗುವುದಿಲ್ಲ.

ಆಗ ಒಬ್ಬಳು ಹೊಳೆವ್ವ ಇದ್ದಳು. ಎಂಥ ಗಟ್ಟಿಗಿತ್ತಿ ಅಂತೀರಿ! ಗುಡ್ಡದಿಂದ ಮಣ್ಣು ಹೊತ್ತು ತರುವುದು, ಮಳೆಗಾಲ ಮುಗಿದ ಕೂಡಲೇ ಎರಡೂ ದಂಡೆಯನ್ನು ಅಂಗಳ ಸಾರಿಸಿದ ಹಾಗೆ ಸಾರಿಸುವುದು, ಇದೇ ಅವಳ ಕೆಲಸ. ವರ್ಷಕ್ಕೊಂದು ಸಾರಣೆ. ಬೂದು ಬಣ್ಣದ ತೆಳ್ಳನೆ ಮಣ್ಣು, ಎಲ್ಲೂ ಉಬ್ಬಿಲ್ಲ, ಎಲ್ಲೂ ತಗ್ಗಿಲ್ಲ. ನೋಡಿದವರು ಹೊಗಳದೆ ಮುಂದೆ ಹೋಗುತ್ತಿರಲಿಲ್ಲ. ಹೊಗಳಿಕೆ ಕೇಳಿ ಹೊಳೆವ್ವನೂ ಸ್ವಲ್ಪ ಉಬ್ಬುತ್ತಿದ್ದಳು.

ಕೆಲಸ ಕಲಿಸಿದವಳು ಭೂಮಿತಾಯಿ. ಕಲಿಸುವಾಗ ಒಂದೇ ಒಂದು ಮಾತು ಹೇಳಿದ್ದಳು: “ಮಣ್ಣಿನ ನೆಲ ಸಾರಸಬೇಕು ಮಗಳ, ತೊಳೀಬಾರದು. ಬಿದ್ದ ಎಲಿ, ಇಟ್ಟ ಹೆಜ್ಜಿ, ಸತ್ತ ಹುಳ, ಎಲ್ಲಾ ಸಾರಣಿ ಕೆಳಗ ಇರಲಿ. ತೊಳದ್ರ ನೆಲಾನ ಹೋಗತೈತಿ.”

ಹೀಗಿರುವಾಗ ಒಂದು ಸಲ ಕಡಲಿನ ತಳದಲ್ಲಿ ಬೆಂಕಿ ಎದ್ದಿತು. ಕಡಲಪ್ಪ ಎಷ್ಟೋ ಕಾಲದಿಂದ ಹೊಟ್ಟೆಯಲ್ಲಿ ಅದುಮಿಟ್ಟ ಉಸಿರನ್ನೆಲ್ಲ ತೇಗಿಬಿಟ್ಟ. ಆ ಉಸಿರು ಮೇಲೇರಿ ಭೂಮಿತಾಯಿಗೆ ಕಂಬಳಿಯ ಹಾಗೆ ಕವಿಯಿತು. ಬಿಸಿಲು ಒಳಗೆ ಬರುತ್ತಿತ್ತು, ಕಾವು ಹೊರಗೆ ಹೋಗುತ್ತಿರಲಿಲ್ಲ. ಭೂಮಿತಾಯಿಗೆ ಜ್ವರ ಬಂತು.

ಒಂದು ದಿನದ ಜ್ವರವೇ, ಎರಡು ದಿನದ ಜ್ವರವೇ? ಅಜ್ಜಿಯ ಅಜ್ಜಿ ಹುಟ್ಟಿ ಸತ್ತರೂ ಇಳಿಯದ ಜ್ವರ. ತಂಪಿನ ಮರಗಳು ಹೋದವು, ಬೇರೆ ಮರಗಳು ಬಂದವು. ಹುಳಗಳು ಎಲೆಗಳನ್ನೆಲ್ಲ ತಿಂದು ಜರಡಿ ಮಾಡಿದವು. ದಂಡೆಯ ಮಣ್ಣು ಕಾದು ಕಾದು ಕೆಂಪಾಯಿತು. ಬೆವರು ಒಣಗಿದ ಅಂಗಿಯ ಮೇಲೆ ಬಿಳಿ ಉಪ್ಪು ಕಾಣುವುದಿಲ್ಲವೇ, ಹಾಗೆ ಆ ಮಣ್ಣಿನೊಳಗೆ ಬಿಳಿ ಸುಣ್ಣದ ಹರಳು ಕಟ್ಟಿದವು.

ಹೊಳೆವ್ವ ಕೆಲಸ ಬಿಟ್ಟಳೇ? ಬಿಡಲಿಲ್ಲ! ಒಂದು ವರ್ಷ ಮಳೆ ಹುಚ್ಚು ಹಿಡಿದ ಹಾಗೆ ಸುರಿಯಿತು, ಒಂದು ವರ್ಷ ಹನಿಯೂ ಬೀಳಲಿಲ್ಲ. ಇದ್ದಷ್ಟು ನೀರಲ್ಲೇ ಸಾರಿಸಿದಳು. ಸಾರಿಸಿದ್ದೆಲ್ಲ ಕೆಂಪಾಯಿತು. ಮತ್ತೆ ಸಾರಿಸಿದಳು, ಮತ್ತೆ ಕೆಂಪಾಯಿತು.

ಅವಳ ದಂಡೆಗೆ ಕುದುರೆಗಳು ನೀರಿಗೆ ಬರುತ್ತಿದ್ದವು. ಆಗಿನ ಕುದುರೆ ಅಂದರೆ ನಾಯಿಯಷ್ಟು ಎತ್ತರ, ಅಷ್ಟೇ. ಆ ಉರಿಯಲ್ಲಿ ಅಷ್ಟು ಮೈಯೂ ಅವಕ್ಕೆ ಭಾರವಾಯಿತು. ತಾಯಿಗಿಂತ ಮಗಳು ಸಣ್ಣ, ಮಗಳಿಗಿಂತ ಮೊಮ್ಮಗಳು ಸಣ್ಣ, ಹೀಗೆ ಕಡೆಗೆ ಬೆಕ್ಕಿನಷ್ಟಾದವು.

ಕಡೆಗೂ ಮಳೆಗಳು ಆ ಕೆಟ್ಟ ಉಸಿರನ್ನು ಚೂರುಚೂರೇ ಇಳಿಸಿ ಕಡಲಿಗೆ ಮುಟ್ಟಿಸಿದವು. ಕಡಲಪ್ಪ ನಾಚಿಕೊಂಡು ನುಂಗಿದ. ಜ್ವರ ಇಳಿಯತೊಡಗಿತು.

ಆಗ ಬಂದ ನೋಡಿ ಗಾಳಿರಾಯ. “ಏನ ಹೊಳೆವ್ವ, ನಿನ್ನ ಅಂಗಳ ಹಿಂಗಾಗೇತಿ? ಭೂಮಿತಾಯಿ ಇನ್ನೇನ ಏಳ್ತಾಳ. ಕಣ್ಣ ಬಿಟ್ಟ ಕೂಡಲೇ ಈ ಕೆಂಪ ಹೊಲಸ ಕಾಣಬೇಕೇನ? ಒಂದ ದೊಡ್ಡ ಪ್ರವಾಹ ಬಿಡು, ತೊಳದ ಒಗಿ!”

ಗಾಳಿಗೇನು ಗೊತ್ತು ಮಣ್ಣಿನ ನೆಲದ ಪಾಡು? ಅವನಿಗೆ ಮನೆಯೂ ಇಲ್ಲ, ಅಂಗಳವೂ ಇಲ್ಲ. ಆದರೆ ಹೊಗಳಿಸಿಕೊಂಡು ರೂಢಿಯಾದ ಹೊಳೆವ್ವನಿಗೆ ಆ ಮಾತು ಚುಚ್ಚಿತು. ತಾಯಿ ಹೇಳಿದ್ದು ಮರೆತೇಹೋಯಿತು. ಪ್ರವಾಹ ಕಟ್ಟಿಕೊಂಡು ಬಂದು ಪಡುವಣ ದಂಡೆಯನ್ನು ತಿಕ್ಕಿ ತಿಕ್ಕಿ ತೊಳೆದಳು. ಅರ್ಧ ದಿನದಲ್ಲಿ ಕೆಂಪೆಲ್ಲ ಮಾಯ.

ಮೂಡಣ ದಂಡೆಗೆ ತಿರುಗಿದಳು. ಅಲ್ಲಿ ಬೆಕ್ಕಿನಷ್ಟು ಎತ್ತರದ ಒಂದು ಹೆಣ್ಣುಕುದುರೆ ನಿಂತಿತ್ತು.

“ಸರಿ ದೂರ! ಕೊಚ್ಚಿಕೊಂಡ ಹೋಗ್ತಿ.”

“ಹೋದ್ರ ಹೋಗ್ತೀನಿ,” ಅಂದಿತು ಕುದುರೆ. ನಿಂತಲ್ಲಿಂದ ಒಂದು ಹೆಜ್ಜೆಯೂ ಸರಿಯಲಿಲ್ಲ. “ಯವ್ವಾ, ಆ ದಂಡಿಯೊಳಗ ನಮ್ಮವ್ವನ ಹೆಜ್ಜಿ ಇದ್ದುವು. ಎಲ್ಲಿ ಅದಾವ ಈಗ?”

ಹೊಳೆವ್ವ ತಿರುಗಿ ನೋಡಿದಳು. ಪಡುವಣ ದಂಡೆಯಲ್ಲಿ ಬರೀ ಮರಳು. ತಾಯಿ ಹೇಳಿದ ಮಾತು ಆಗ ನೆನಪಾಯಿತು.

“ಈ ದಂಡಿಯೊಳಗ ನಮ್ಮಜ್ಜಿ ಮಲಗ್ಯಾಳ,” ಅಂದಿತು ಕುದುರೆ. “ಇಷ್ಟ ಇಷ್ಟ ಇದ್ದಳಕಿ. ಆ ಉರಿಯೊಳಗ ನಮ್ಮವ್ವನ್ನ ಹಡದು, ಹಾಲು ಕುಡಿಸಿ, ಉಳಿಸಿದಳು. ಇನ್ನ ತಂಪಾತು, ನಮ್ಮ ಮಕ್ಕಳು ಎತ್ತರ ಬೆಳೀತಾವ. ಬೆಳೀಲಿ! ಆದ್ರ ‘ಭೂಮಿಗೆಲ್ಲಿ ಜ್ವರ ಬರತೈತಿ, ಸುಳ್ಳ’ ಅಂದ್ರ ನಾ ಏನ ತೋರಸಲಿ? ಇನ್ನೊಮ್ಮೆ ಜ್ವರ ಬಂದ್ರ ಅವಕ್ಕ ಹೆಂಗ ಗುರ್ತ ಹತ್ತಬೇಕು?”

ಹೊಳೆವ್ವನಿಗೆ ಅಳು ಬಂತು. “ತಪ್ಪಾತು ನನ್ನವ್ವ. ಆ ದಂಡಿ ಹೋತು, ತಿರುಗಿ ತರೂದು ನನ್ನ ಕೈಲಿ ಆಗಂಗಿಲ್ಲ. ಇದನ್ನ ಮುಟ್ಟಂಗಿಲ್ಲ.”

ಬಂದ ಪ್ರವಾಹ ತಡೆಯುವುದು ಅಂದರೆ ಹುಡುಗಾಟವೇ? ನೀರನ್ನೆಲ್ಲ ನಡುವಿಗೆ ಎಳೆದುಕೊಂಡಳು. ಬಂಡೆಗಳಿಗೆ ಮೈ ತರಚಿತು, ನೊರೆ ಕಕ್ಕಿದಳು, ಆದರೂ ಮೂಡಣ ದಂಡೆಗೆ ಒಂದು ಅಲೆಯನ್ನೂ ತಾಗಗೊಡಲಿಲ್ಲ. ಶಭಾಷ್ ಹೊಳೆವ್ವ! ನೀರು ತಣ್ಣಗಾದ ಮೇಲೆ ಹೊಸ ಬೂದು ಮಣ್ಣು ತಂದು, ಮಲಗಿದ ಮಗುವಿಗೆ ಹೊದಿಸಿದಷ್ಟು ಮೆಲ್ಲಗೆ ಆ ಕೆಂಪಿನ ಮೇಲೆ ಸಾರಿಸಿದಳು.

ಭೂಮಿತಾಯಿ ಕಣ್ಣು ಬಿಟ್ಟಳು. “ಎಷ್ಟ ದಿನ ಮಲಗಿದ್ದೆ ಮಗಳ?”

ಹೊಳೆವ್ವ ಮೂಡಣ ದಂಡೆಯ ಕಡಿದಾದ ಪಕ್ಕದಲ್ಲಿ ಕಾಣುತ್ತಿದ್ದ ಕೆಂಪು ಪಟ್ಟೆ ತೋರಿಸಿದಳು. ಭೂಮಿತಾಯಿ ಅದರ ದಪ್ಪದ ಮೇಲೆ ಬೆರಳಾಡಿಸಿ, “ಇಷ್ಟ ದಿನಾನ!” ಅಂದಳು. ಆಮೇಲೆ ಎದುರು ದಂಡೆ ನೋಡಿದಳು. ಹೊಳೆವ್ವ ತಲೆ ತಗ್ಗಿಸಿದಳು.

ಭೂಮಿತಾಯಿ ಬೈಯಲಿಲ್ಲ. “ಒಂದ ದಂಡಿ ಉಳಸೀದಿ. ಓದಾವರಿಗೆ ಒಂದ ಸಾಕು,” ಅಂದಳು.

ಅದಕ್ಕೇ ಮಕ್ಕಳೇ, ಹೊಳೆ ಕೊರೆದ ಎತ್ತರದ ದಂಡೆಯಲ್ಲಿ ಬೂದು ಮಣ್ಣಿನ ನಡುವೆ ಬಿಳಿ ಹರಳಿನ ಕೆಂಪು ಪಟ್ಟೆ ಇರುತ್ತದೆ, ಎದುರು ದಂಡೆಯಲ್ಲಿ ಇರುವುದಿಲ್ಲ. ಅದಕ್ಕೇ ಇವತ್ತಿಗೂ ಕುದುರೆ ಹೊಳೆಗೆ ಬಂದರೆ, ನೀರಿಗೆ ಬಾಯಿ ಹಾಕುವ ಮೊದಲು ಮುಂಗಾಲಿನಿಂದ ನೆಲ ಕೆರೆದು, ಅಜ್ಜಿ ಇನ್ನೂ ಅಲ್ಲೇ ಇದ್ದಾಳೋ ಇಲ್ಲವೋ ಅಂತ ನೋಡುತ್ತದೆ.